ಮೇಕಪ್ ಇಲ್ಲದ ಪ್ರತಿ

ನಾನು ಬರೆದ ಸಂಶೋಧನಾ ಲೇಖನಗಳ ಕೊನೆಯಲ್ಲೆಲ್ಲ ‘ಕೃತಜ್ಞತೆಗಳು’ ಅಂತ ಒಂದು ಪುಟ್ಟ ಪ್ಯಾರಾ ಇರುತ್ತದೆ. ಹಣ ಕೊಟ್ಟ ಸಂಸ್ಥೆಗೆ, ಯಂತ್ರ ಎರವಲು ಕೊಟ್ಟ ವಿಭಾಗಕ್ಕೆ, ಒಂದು ಸಾಲನ್ನೂ ಓದದೆ ‘ಚೆನ್ನಾಗಿದೆ’ ಎಂದ ಹಿರಿಯರಿಗೆ, ಎಲ್ಲರಿಗೂ ಅಲ್ಲಿ ವಂದನೆ ಸಂದಿದೆ. ಗೋಂದಣ್ಣ ಮಾತ್ರ ಎಲ್ಲೂ ಇಲ್ಲ. ಅಂಥವರನ್ನು ಅಲ್ಲಿ ಸೇರಿಸುವ ರೂಢಿ ಇಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ಈಗ ಆ ಸಮಾಧಾನ ಸಾಕಾಗುತ್ತಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಇಲ್ಲಿ ಪದಮಿತಿಯೂ ಇಲ್ಲ, ವಿಮರ್ಶಕರ ಕಾಟವೂ ಇಲ್ಲ.

ಗೋಂದಣ್ಣ ನಮ್ಮ ವಿಶ್ವವಿದ್ಯಾಲಯದ ಲೈಬ್ರರಿಗೆ ಹತ್ತೊಂಬತ್ತನೇ ವಯಸ್ಸಿನಲ್ಲಿ ಪುಸ್ತಕ ಕಟ್ಟುವ ಕೆಲಸಕ್ಕೆ ಸೇರಿದವರು. ನೆಲಮಾಳಿಗೆಯಲ್ಲಿ ಬೈಂಡಿಂಗ್ ವಿಭಾಗ ಅಂತ ಒಂದಿತ್ತು. ವರ್ಷದ ಸಂಚಿಕೆಗಳನ್ನೆಲ್ಲ ಒಟ್ಟುಗೂಡಿಸಿ, ಹೊಲಿದು, ರಟ್ಟು ಹಾಕಿ, ಬೆನ್ನಿಗೆ ಬಂಗಾರದ ಬಣ್ಣದಲ್ಲಿ ಇಸವಿ ಒತ್ತುವುದು ಅಲ್ಲಿನ ಕೆಲಸ. ಇಪ್ಪತ್ತಮೂರು ವರ್ಷ ಅಲ್ಲೇ ದುಡಿದರು. ಉಗುರಿನ ಸಂದಿಯಲ್ಲಿ ಸದಾ ಗೋಂದು ಒಣಗಿರುತ್ತಿದ್ದರಿಂದ ಆ ಹೆಸರು ಅಂಟಿಕೊಂಡಿತು. ಸಂಬಳದ ಚೀಟಿಯಲ್ಲಿ ಬೇರೆ ಹೆಸರಿದೆಯಂತೆ, ನಾನು ನೋಡಿಲ್ಲ. ಪತ್ರಿಕೆಗಳೆಲ್ಲ ಕಂಪ್ಯೂಟರಿನೊಳಗೆ ಹೋದ ಮೇಲೆ ಕಟ್ಟುವುದಕ್ಕೆ ಏನೂ ಉಳಿಯಲಿಲ್ಲ. ಹೊಲಿಗೆಯ ಚೌಕಟ್ಟನ್ನು ಗುಜರಿಗೆ ಹಾಕಿ, ಅವರನ್ನು ಬಾಗಿಲ ಬಳಿ ಸ್ಟೂಲಿನ ಮೇಲೆ ಕೂರಿಸಿದರು. ಹೋಗಿ ಬರುವವರ ಚೀಲ ನೋಡುವ ಕೆಲಸ. ಎರಡು ವರ್ಷ ಅದನ್ನೂ ಮಾಡಿದರು. ನಾನು ದಿನಕ್ಕೆರಡು ಸಲ ಅವರ ಮುಂದೆ ಚೀಲ ತೆರೆದು ಮುಚ್ಚಿದ್ದೇನೆ, ಒಂದು ದಿನವೂ ಮುಖ ನೋಡಿದವಳಲ್ಲ.

ಆಗ ಬಂತು ಹೊಸ ನಿಯಮ. ಸಂಶೋಧನೆಗೆ ಹಣ ಕೊಡುವ ಸಂಸ್ಥೆಗಳೆಲ್ಲ ಒಂದಾದ ಮೇಲೊಂದು ಪತ್ರ ಕಳಿಸಿದವು: ನಮ್ಮ ಹಣದಲ್ಲಿ ನಡೆದ ಕೆಲಸದ ಪ್ರತಿಯೊಂದು ಲೇಖನವೂ ಯಾರು ಬೇಕಾದರೂ, ಎಲ್ಲಿಂದ ಬೇಕಾದರೂ, ಕಾಸು ಕೊಡದೆ ಓದುವಂತಿರಬೇಕು, ಇಲ್ಲದಿದ್ದರೆ ಮುಂದಿನ ಹಂತದ ಹಣ ಮರೆತುಬಿಡಿ. ನಮ್ಮಲ್ಲಿ ಗಡಿಬಿಡಿ ಎದ್ದಿತು. ಕುಲಪತಿಗಳು ಸಮಿತಿ ಮಾಡಿದರು. ಸಮಿತಿ ಉಪಸಮಿತಿ ಮಾಡಿತು. ಹನ್ನೊಂದು ಪುಟದ ಒಂದು ನೀತಿ ತಯಾರಾಯಿತು. ಅದರಲ್ಲಿ ‘ಸೂಕ್ತ ಕ್ರಮ’ ಎಂಬ ಮಾತು ಹದಿನಾಲ್ಕು ಸಲ ಬಂದಿತ್ತು, ಆ ಕ್ರಮ ಯಾವುದು ಅಂತ ಒಂದು ಸಲವೂ ಇರಲಿಲ್ಲ. ಲೇಖನವನ್ನು ಪತ್ರಿಕೆಯವರೇ ತೆರೆದಿಡಬೇಕಾದರೆ ಅವರು ದೊಡ್ಡ ಶುಲ್ಕ ಕೇಳುತ್ತಿದ್ದರು. ಅದಕ್ಕೆಂದು ತೆಗೆದಿಟ್ಟ ನಿಧಿಯನ್ನು ದೊಡ್ಡ ವಿಭಾಗಗಳು ನಾಲ್ಕೇ ತಿಂಗಳಲ್ಲಿ ನುಂಗಿ ನೀರು ಕುಡಿದವು. ಉಳಿದ ದಾರಿ ಒಂದೇ: ವಿಶ್ವವಿದ್ಯಾಲಯದ್ದೇ ಒಂದು ‘ಮುಕ್ತ ಭಂಡಾರ’ವನ್ನು ಜಾಲತಾಣದಲ್ಲಿ ತೆರೆದು, ಲೇಖನದ ಪ್ರತಿಯನ್ನು ಅಲ್ಲಿ ಇಡುವುದು. ಅದನ್ನು ನೋಡಿಕೊಳ್ಳುವವರು ಯಾರು ಎಂದಾಗ ಎಲ್ಲರೂ ತಂತಮ್ಮ ಚಹಾ ಲೋಟದೊಳಗೆ ಇಣುಕಿದರಂತೆ. ಕೊನೆಗೆ ಮುಖ್ಯ ಲೈಬ್ರರಿಯನ್ ಅಮ್ಮ, “ಬಾಗಿಲಲ್ಲಿ ಒಬ್ಬರು ಸುಮ್ಮನೆ ಕೂತಿದ್ದಾರಲ್ಲ” ಅಂದರಂತೆ.

ಸುದ್ದಿ ಕೇಳಿ ನಾವೆಲ್ಲ ನಕ್ಕೆವು. ನಾನು ಸ್ವಲ್ಪ ಜೋರಾಗಿಯೇ ನಕ್ಕಿದ್ದೆ.

ಗೋಂದಣ್ಣ ಮತ್ತೆ ತಮ್ಮ ಹಳೆಯ ನೆಲಮಾಳಿಗೆಗೆ ಇಳಿದು, ಮೂರು ತಿಂಗಳು ತಲೆ ಎತ್ತದೆ ನಿಯಮಗಳನ್ನು ಓದಿದರು. ಆಮೇಲೆ ಗುರುವಾರ ಗುರುವಾರ ನಮ್ಮ ಕೋಣೆಗಳಿಗೆ ಬರತೊಡಗಿದರು. ಮೇಲ್ ಕಳಿಸಿದರೆ ಯಾರೂ ಓದುವುದಿಲ್ಲ ಎನ್ನುವುದು ಅವರಿಗೆ ಮೊದಲ ವಾರವೇ ಗೊತ್ತಾಗಿತ್ತು. ಕುತ್ತಿಗೆಗೆ ಹೊಲಿಗೆಯ ದಾರದಲ್ಲಿ ಕಟ್ಟಿದ ಕನ್ನಡಕ, ಕೈಯಲ್ಲಿ ಹೆಸರುಗಳ ಪಟ್ಟಿ. ಬಾಗಿಲಲ್ಲಿ ನಿಂತು, “ಸಾರ್, ನಿಮ್ಮ ಲೇಖನ ಒಪ್ಪಿದ್ದಾರಂತೆ. ಮೇಕಪ್ ಇಲ್ಲದ ಪ್ರತಿ ಕೊಡಿ” ಅನ್ನುತ್ತಿದ್ದರು.

ಈ ಮಾತಿಗೆ ಅರ್ಥ ಹೇಳಬೇಕು. ಲೇಖನವೊಂದು ಪತ್ರಿಕೆಗೆ ಹೋದರೆ ವಿಮರ್ಶಕರು ತಪ್ಪು ತೆಗೆಯುತ್ತಾರೆ, ನಾವು ತಿದ್ದಿ ಕಳಿಸುತ್ತೇವೆ, ಪತ್ರಿಕೆ ಒಪ್ಪುತ್ತದೆ. ಆಮೇಲೆ ಪತ್ರಿಕೆಯವರು ಅಕ್ಷರ ಜೋಡಿಸಿ, ಪುಟ ಕಟ್ಟಿ, ತಮ್ಮ ಮುದ್ರೆ ಹಾಕಿ ಅಂದಗಾಣಿಸುತ್ತಾರೆ. ಆ ಅಂದದ ಪ್ರತಿ ಅವರ ಸೊತ್ತು, ಮುಟ್ಟುವ ಹಾಗಿಲ್ಲ. ತಿದ್ದಿ ಮುಗಿಸಿದ, ಆದರೆ ಅಂದಗಾಣಿಸುವುದಕ್ಕೆ ಮುಂಚಿನ ಬೋಳು ಪ್ರತಿಯನ್ನು ಮಾತ್ರ ನಾವು ಭಂಡಾರದಲ್ಲಿ ಇಡಬಹುದು. ತಮಾಷೆ ಏನೆಂದರೆ, ನಾವು ಯಾರೂ ಆ ಬೋಳು ಪ್ರತಿಯನ್ನು ಇಟ್ಟುಕೊಳ್ಳುವುದೇ ಇಲ್ಲ. ಸುಂದರವಾದದ್ದು ಕೈಗೆ ಬಂದ ಮೇಲೆ ಬೋಳು ಪ್ರತಿಯನ್ನು ಯಾರು ನೋಡುತ್ತಾರೆ? ಗೋಂದಣ್ಣ ಬೆನ್ನು ಹತ್ತಿ, ಬೈಸಿಕೊಂಡು, ನಗಿಸಿ, ಕೆಲವರ ಮನೆಗೂ ಹೋಗಿ ಅವನ್ನು ವಸೂಲು ಮಾಡಿದರು.

ಇನ್ನು ನನ್ನ ಕಥೆ. ಬಟ್ಟೆ ಗಿರಣಿಗಳಲ್ಲಿ ಮಗ್ಗದ ಸದ್ದಿನ ನಡುವೆ ದುಡಿಯುವವರ ಕಿವಿ ಹೇಗೆ ಕೆಡುತ್ತದೆ ಎನ್ನುವುದು ನನ್ನ ಅಧ್ಯಯನ. ಗಿರಣಿಯ ಗೋದಾಮಿನಲ್ಲಿ ಹತ್ತಿ ಮೂಟೆಗಳನ್ನು ಗೋಡೆಯಂತೆ ಜೋಡಿಸಿ, ಆ ನಿಶ್ಶಬ್ದದೊಳಗೆ ಒಬ್ಬೊಬ್ಬರನ್ನೇ ಕೂರಿಸಿ ಕಿವಿ ಪರೀಕ್ಷೆ ಮಾಡುತ್ತಿದ್ದೆವು. ನನ್ನ ಜೊತೆ ಇಬ್ಬರು ಪರೀಕ್ಷಕಿಯರು. ಐದು ವರ್ಷದಿಂದ ಜೊತೆಗಿದ್ದವರು. ಮೊದಲ ಹಂತ ಎರಡು ಗಿರಣಿಗಳಲ್ಲಿ ಮುಗಿದಿತ್ತು. ಎರಡನೇ ಹಂತದಲ್ಲಿ ಇನ್ನೂ ಆರು ಗಿರಣಿ, ಜೊತೆಗೆ ಕಿವಿ ಕೆಟ್ಟವರಿಗೆಲ್ಲ ಶ್ರವಣಯಂತ್ರ. ಆ ಯಂತ್ರ ಕೊಡುತ್ತೇವೆಂದು ನಾನೇ ನೂರಾರು ಜನರ ಮುಖ ನೋಡಿ ಮಾತು ಕೊಟ್ಟಿದ್ದೆ.

ಹೀಗಿರುವಾಗ ಹಣ ಕೊಟ್ಟ ಸಂಸ್ಥೆಯಿಂದ ಪತ್ರ ಬಂತು. ನಿಮ್ಮ ಐದು ಲೇಖನಗಳಲ್ಲಿ ನಾಲ್ಕು ತೆರೆದಿವೆ, ಐದನೆಯದು ಬೀಗ ಹಾಕಿಕೊಂಡಿದೆ. ಇಪ್ಪತ್ತೊಂದು ದಿನದೊಳಗೆ ಅದೂ ತೆರೆಯದಿದ್ದರೆ ಎರಡನೇ ಹಂತದ ಅರ್ಜಿಯನ್ನು ಪರಿಗಣಿಸಲಾಗುವುದಿಲ್ಲ. ಐದನೆಯದೇ ಎಲ್ಲಕ್ಕಿಂತ ಮುಖ್ಯವಾದದ್ದು, ಗೋಂದಣ್ಣನ ಕಾಲಕ್ಕಿಂತ ಮುಂಚೆ ಬಂದದ್ದು. ‘ಅಷ್ಟೇ ತಾನೇ’ ಎಂದು ಆ ಸಂಜೆಯೇ ಪತ್ರಿಕೆಯ ಸುಂದರ ಪ್ರತಿಯನ್ನು ಭಂಡಾರಕ್ಕೆ ಏರಿಸಿ ಕೈ ತೊಳೆದುಕೊಂಡೆ. ಬೆಳಿಗ್ಗೆ ನೋಡಿದರೆ ಅದು ಅಲ್ಲಿರಲಿಲ್ಲ.

ನಾನು ಸಿಡುಕಿ ಅನ್ನುವುದು ನಮ್ಮ ವಿಭಾಗದಲ್ಲಿ ಎಲ್ಲರಿಗೂ ಗೊತ್ತು. ಮೆಟ್ಟಿಲು ಎರಡೆರಡು ಹಾರಿಕೊಂಡು ನೆಲಮಾಳಿಗೆಗೆ ಹೋದೆ. “ನನ್ನ ಲೇಖನ, ನಾನು ಹಾಕಿದ್ದು. ತೆಗೆಯೋಕೆ ನೀವ್ಯಾರು?”

“ಲೇಖನ ನಿಮ್ಮದೇ ಮೇಡಂ. ಅದರ ಮೈಮೇಲಿರೋ ಬಟ್ಟೆ ಅವರದು,” ಅಂದರು ಗೋಂದಣ್ಣ, ಕುರ್ಚಿ ಎಳೆದು ಕೊಡುತ್ತ. “ಅದನ್ನ ಇಟ್ಟರೆ ಪತ್ರಿಕೆಯೋರು ನೋಟೀಸ್ ಕಳಿಸ್ತಾರೆ. ಆಮೇಲೆ ಅವರೇ ಕಿತ್ತುಹಾಕಿಸ್ತಾರೆ. ನಿಮಗೆ ಹಣ ಕೊಡೋರು ತೆಗೆದು ನೋಡೋ ದಿನಾನೇ ಅದು ಇಲ್ಲ ಅಂತಾದ್ರೆ ಏನ್ಮಾಡ್ತೀರಿ?”

“ರಟ್ಟು ಅಂಟಿಸ್ಕೊಂಡಿದ್ದೋರು ನನಗೆ ಕಾನೂನು ಹೇಳ್ಕೊಡಬೇಡಿ.”

ಆಡಿದ ಕೂಡಲೇ ನಾಲಿಗೆ ಕಚ್ಚಿಕೊಂಡೆ. ಆದರೆ ಮಾತು ಹೊರಗೆ ಬಿದ್ದಾಗಿತ್ತು. ಅವರು ಕನ್ನಡಕ ತೆಗೆದು ಅಂಗಿಯ ಅಂಚಿಗೆ ಒರೆಸಿಕೊಂಡರು.

“ರಟ್ಟು ಅಂಟಿಸುವಾಗಲೂ ಪುಟದ ನಂಬರು ನೋಡೇ ಅಂಟಿಸ್ತಿದ್ದೆ ಮೇಡಂ. ಹೋಗಿ, ಬೋಳು ಪ್ರತಿ ತಗೊಂಡ್ಬನ್ನಿ. ಐದು ನಿಮಿಷದ ಕೆಲಸ.”

ಹೋಗಿ ಹುಡುಕಿದೆ. ಬೋಳು ಪ್ರತಿ ಎಲ್ಲೂ ಇರಲಿಲ್ಲ. ಲೇಖನ ಒಪ್ಪಿತವಾದ ವಾರವೇ ಒಂದು ಸಮ್ಮೇಳನದಲ್ಲಿ ಮಾತಾಡಬೇಕಿತ್ತು. ನಾನು ಅದೇ ಕಡತವನ್ನು ತೆರೆದು, ಮೂವತ್ತು ಪುಟವನ್ನು ಎಂಟಕ್ಕೆ ಕತ್ತರಿಸಿ, ಅದೇ ಹೆಸರಿನಲ್ಲಿ ಉಳಿಸಿಬಿಟ್ಟಿದ್ದೆ. ಅಂದರೆ ನನ್ನ ಕೈಯಾರೆ ಅದರ ಕತ್ತು ಹಿಸುಕಿದ್ದೆ. ಪತ್ರಿಕೆಯ ಹಳೆಯ ಜಾಲತಾಣ ಬದಲಾಗಿ, ಅಲ್ಲಿದ್ದ ಕಡತಗಳೂ ಕೈಗೆ ಸಿಗುವಂತಿರಲಿಲ್ಲ. ಪತ್ರಿಕೆಗೆ ಬರೆದರೆ ‘ನಿಮ್ಮ ಸಂದೇಶ ನಮಗೆ ಮುಖ್ಯ’ ಎಂದು ಯಂತ್ರವೊಂದು ಉತ್ತರ ಕೊಟ್ಟಿತು. ಪರೀಕ್ಷಕಿಯರಿಬ್ಬರೂ ಪಕ್ಕದ ಮೇಜಿನಲ್ಲಿ ಗಿರಣಿಗಳ ಪಟ್ಟಿ ಬರೆದುಕೊಳ್ಳುತ್ತ, “ಮೊದಲು ಯಾವ ಗಿರಣಿಗೆ ಹೋಗೋಣ ಅಕ್ಕಾ?” ಎಂದು ಕೇಳಿದರು. ತಲೆ ಎತ್ತಿ ಅವರ ಮುಖ ನೋಡುವ ಧೈರ್ಯ ನನಗಿರಲಿಲ್ಲ.

ಮರುದಿನ ಮತ್ತೆ ನೆಲಮಾಳಿಗೆಗೆ ಇಳಿದೆ. ಈ ಸಲ ಒಂದೊಂದೇ ಮೆಟ್ಟಿಲು. ಬಯ್ಯುತ್ತಾರೆಂದುಕೊಂಡಿದ್ದೆ. ಗೋಂದಣ್ಣ ಕೇಳಿದ್ದು ಇಷ್ಟೇ: “ಮೊದಲು ಕಳಿಸಿದ ಪ್ರತಿ ಇದೆಯಾ?”

“ಅದಿದೆ. ಆದರೆ ತಿದ್ದುಪಡಿ ಯಾವುದೂ ಇಲ್ಲ ಅದರಲ್ಲಿ.”

“ವಿಮರ್ಶಕರು ತಪ್ಪು ಹೇಳಿ ಬರೆದಿದ್ದ ಪತ್ರ? ಅದಕ್ಕೆ ನೀವು ‘ಇಂಥಾ ಕಡೆ ಹೀಗೆ ತಿದ್ದಿದ್ದೀನಿ’ ಅಂತ ಕೊಟ್ಟಿದ್ದ ಉತ್ತರ?”

ಎರಡೂ ಮೇಲ್‌ನಲ್ಲಿದ್ದವು. ನಲವತ್ತಮೂರು ತಿದ್ದುಪಡಿಗಳು, ಪ್ರತಿಯೊಂದಕ್ಕೂ ಪುಟ, ಸಾಲು, ಹೊಸ ವಾಕ್ಯ. ಗೋಂದಣ್ಣನ ಮುಖ ಅರಳಿತು. “ಮತ್ತೆ ಯಾಕೆ ತಲೆ ಮೇಲೆ ಕೈ ಹೊತ್ಕೊಂಡಿದ್ದೀರಿ? ಪುಟ ಉದುರಿದ ಪುಸ್ತಕ ಎಷ್ಟು ಕಟ್ಟಿಲ್ಲ ನಾನು. ಬನ್ನಿ, ಕೂರೋಣ.”

ಆದರೆ ಕೂರುವುದಕ್ಕೆ ಮುಂಚೆ ಒಂದು ಷರತ್ತು ಹಾಕಿದರು. ಹೀಗೆ ಮತ್ತೆ ಕಟ್ಟಿದ್ದೇವೆ ಎಂದು ಸಂಪಾದಕರಿಗೆ ತಿಳಿಸಬೇಕು, ಅವರು ಸರಿ ಅಂದರೇನೇ ಭಂಡಾರಕ್ಕೆ. “ಯಾರಿಗೂ ಗೊತ್ತಾಗಲ್ಲ ಗೋಂದಣ್ಣ” ಅಂದೆ. “ನನಗೆ ಗೊತ್ತಾಗಿದೆಯಲ್ಲ” ಅಂದರು. ಪತ್ರವನ್ನು ಅವರೇ ಬರೆಯಲು ಕೂತರು. ಮೊದಲ ಸಾಲು ಹೀಗಿತ್ತು: ‘ಮಾನ್ಯರೇ, ನಮ್ಮ ಮೇಡಂ ಒಂದು ತಪ್ಪು ಮಾಡಿದ್ದಾರೆ.’ ನಾನು ಮುಖ ಊದಿಸಿದ್ದಕ್ಕೆ ಬಹಳ ಉದಾರವಾಗಿ ‘ನನ್ನಿಂದ ಒಂದು ತಪ್ಪಾಗಿದೆ’ ಎಂದು ಬದಲಾಯಿಸಿ, ಕೆಳಗೆ ನನ್ನ ಸಹಿಗೆ ಜಾಗ ಬಿಟ್ಟರು. ಈ ಸಲ ಯಂತ್ರಕ್ಕೆ ಕಳಿಸಲಿಲ್ಲ. ಪತ್ರಿಕೆಯ ಜಾಲತಾಣದ ಒಳಪುಟದಿಂದ ಸಂಪಾದಕರ ಸ್ವಂತ ವಿಳಾಸ ಹುಡುಕಿ ಅಲ್ಲಿಗೇ ಕಳಿಸಿದರು.

ಮೂರು ಮಧ್ಯಾಹ್ನ ಕೂತೆವು. ಹಳೆಯ ಬೈಂಡಿಂಗ್ ಮೇಜಿನ ಮೇಲೆ ಮೊದಲ ಪ್ರತಿಯ ಮೂವತ್ತು ಪುಟವನ್ನೂ ಹರಡಿದರು. ಅವರು ತಿದ್ದುಪಡಿ ಓದುವುದು, ನಾನು ಟೈಪ್ ಮಾಡುವುದು. ಬೆರಳಿಟ್ಟುಕೊಂಡು ನಿಧಾನವಾಗಿ, ಅಲ್ಪವಿರಾಮವನ್ನೂ ಬಿಡದೆ ಓದುತ್ತಿದ್ದರು. ಅರ್ಥವಾಗದ ಮಾತು ಬಂದರೆ ನಿಲ್ಲಿಸಿ ಕೇಳುತ್ತಿದ್ದರು. “ಕಂಪನಾಂಕ ಹೆಚ್ಚು ಅಂದ್ರೆ ಸದ್ದು ಜೋರು ಅಂತಾನಾ?” “ಅಲ್ಲ ಗೋಂದಣ್ಣ, ಕೀಚಲು ಅಂತ. ಹಕ್ಕಿ ದನಿ, ಮಕ್ಕಳ ದನಿ, ‘ಸ’, ‘ಶ’ ಇಂಥ ಅಕ್ಷರ. ಗಿರಣಿಯವರಿಗೆ ಮೊದಲು ಅವೇ ಹೋಗೋದು.” ನನಗೆ ಒಳಗೊಳಗೇ ಬೇಸರ. ದಿನಗಳು ಓಡುತ್ತಿವೆ, ಇವರು ಪಾಠ ಹೇಳಿಸಿಕೊಳ್ಳುತ್ತ ಕೂತಿದ್ದಾರಲ್ಲ!

ಎರಡನೇ ಮಧ್ಯಾಹ್ನ ಅವರ ಫೋನ್ ಬಡಿದುಕೊಂಡಿತು. ಮನೆಯಿಂದ ಅವರ ಅಕ್ಕ. ದನಿ ನನಗೂ ಕೇಳುವಷ್ಟು ಜೋರು. “ಅರ್ಧ ಗಂಟೆಯಿಂದ ಬಾಗಿಲು ಬಡೀತಿದ್ದೀನಿ ಕಣೋ, ಅಮ್ಮ ತೆಗೀತಾನೇ ಇಲ್ಲ!” ಗೋಂದಣ್ಣ ಹಣೆ ಉಜ್ಜಿಕೊಂಡರು. “ಬೇಕಂತಲೇ ಮಾಡ್ತಾಳೆ. ಹಿಂದುಗಡೆ ಕಿಟಕಿಗೆ ಹೋಗಿ ಕೂಗು.” ಫೋನ್ ಇಟ್ಟು ಮತ್ತೆ ಪಟ್ಟಿಗೆ ಬೆರಳಿಟ್ಟರು. ಮೂವತ್ತೊಂದನೇ ತಿದ್ದುಪಡಿ.

ಅದು ಎರಡನೇ ವಿಮರ್ಶಕರ ಕಿರಿಕಿರಿ. ಇಷ್ಟೆಲ್ಲ ಅಂಕಿಅಂಶ ಕೊಟ್ಟಿದ್ದೀರಿ, ಕಾರ್ಮಿಕರ ಮನೆಯವರು ಏನು ಮಾಡಬೇಕು ಎಂದು ಒಂದು ಮಾತೂ ಇಲ್ಲವಲ್ಲ ಎಂದು ಅವರು ಕೇಳಿದ್ದರು. ನಾನು ಮೂಗು ಮುರಿದು, ಹತ್ತು ನಿಮಿಷದಲ್ಲಿ ಒಂದು ಪ್ಯಾರಾ ಗೀಚಿ ಸೇರಿಸಿದ್ದೆ. ಗೋಂದಣ್ಣ ಅದನ್ನು ಓದಿದರು. ಇಂಥವರು ಬೇಕೆಂದೇ ಕೇಳಿಸಿಕೊಳ್ಳುತ್ತಿಲ್ಲ ಎಂದು ಮನೆಯವರು ತಪ್ಪು ತಿಳಿಯುತ್ತಾರೆ. ಕೂಗಿದರೆ ಮಾತು ಇನ್ನೂ ಒಡೆದು ಕೇಳುತ್ತದೆ. ಎದುರಿಗೆ, ಬೆಳಕಿನಲ್ಲಿ ಕೂತು, ತಗ್ಗಿದ ದನಿಯಲ್ಲಿ, ನಿಧಾನವಾಗಿ ಮಾತಾಡಬೇಕು. ಓದಿ ನಿಲ್ಲಿಸಿದರು. ಮತ್ತೊಮ್ಮೆ ಮೊದಲಿನಿಂದ ಓದಿದರು.

“ಮೇಡಂ, ಇದು ನಿಜವಾ? ಕೂಗಿದ್ರೆ ಕೇಳಿಸಲ್ವಾ?”

“ನಿಜವಲ್ಲದೆ? ಬೇಗ ಮುಂದಿನದು ಓದಿ ಗೋಂದಣ್ಣ, ಇನ್ನೂ ಹನ್ನೆರಡಿದೆ.”

ಅವರು ಎದ್ದು ಹೊರಗೆ ಹೋಗಿ ಮುಖ ತೊಳೆದುಕೊಂಡು ಬಂದರು. ಸುಸ್ತಾಗಿರಬೇಕು ಎಂದುಕೊಂಡೆ. ಹೀಗೆ ಕಿವಿ ಕೆಟ್ಟವರನ್ನು ಐದು ವರ್ಷ ಎದುರಿಗೆ ಕೂರಿಸಿಕೊಂಡವಳು ನಾನು, ಒಂದು ಪ್ರಶ್ನೆ ಕೇಳಬೇಕೆಂದು ತೋಚಲಿಲ್ಲ.

ಮೂರನೇ ಮಧ್ಯಾಹ್ನ ಪ್ರತಿ ಸಿದ್ಧವಾಯಿತು. ಅದನ್ನೂ ಸಂಪಾದಕರಿಗೆ ಕಳಿಸಿ ಕಾದೆವು. ಹನ್ನೆರಡನೇ ದಿನ ಹೋಯಿತು, ಹದಿನೈದು ಹೋಯಿತು. ನಾನು ಮನೆಯಲ್ಲಿ ಗಂಡನ ಮೇಲೂ ಇಲ್ಲಿ ಪ್ರಿಂಟರಿನ ಮೇಲೂ ಹರಿಹಾಯುತ್ತಿದ್ದೆ. ಹತ್ತೊಂಬತ್ತನೇ ದಿನ ಸಂಪಾದಕರ ಉತ್ತರ ಬಂತು. ತಮ್ಮ ಬಳಿಯ ಪ್ರತಿಯ ಜೊತೆ ಸಾಲು ಸಾಲಾಗಿ ಹೋಲಿಸಿದ್ದಾಗಿಯೂ, ಎರಡು ಅಲ್ಪವಿರಾಮ ಬಿಟ್ಟರೆ ವ್ಯತ್ಯಾಸವಿಲ್ಲವೆಂದೂ, ಇಷ್ಟು ಪ್ರಾಮಾಣಿಕವಾದ ಪತ್ರ ತಮಗೆ ಬರುವುದು ಅಪರೂಪವೆಂದೂ ಬರೆದಿದ್ದರು. ಗೋಂದಣ್ಣ ಮೊದಲು ಆ ಎರಡು ಅಲ್ಪವಿರಾಮ ಹುಡುಕಿ ಹಾಕಿದರು. ಮುಖಪುಟದಲ್ಲಿ, ‘ಲೇಖಕರು ಸಂಪಾದಕರ ಒಪ್ಪಿಗೆಯಿಂದ ಮತ್ತೆ ಜೋಡಿಸಿದ ಪ್ರತಿ’ ಎಂದು ಸೇರಿಸಿದರು. ಆಮೇಲೆ ಭಂಡಾರದಲ್ಲಿ ಇಟ್ಟು, “ನೀವೇ ಒಂದ್ಸಲ ತೆಗೆದು ನೋಡಿ ಮೇಡಂ” ಅಂದರು. ತೆರೆದುಕೊಂಡಿತು. ಹೋದ ಜೀವ ಬಂದಂತಾಯಿತು. ನಮ್ಮ ಲೈಬ್ರರಿಯವರೂ ತರಿಸದ, ಅಷ್ಟು ದುಬಾರಿ ಪತ್ರಿಕೆಯ ಲೇಖನ ಅದು. ಎರಡು ವರ್ಷ ಬೀಗದೊಳಗಿತ್ತು.

ಆರು ವಾರದ ಮೇಲೆ ಎರಡನೇ ಹಂತ ಮಂಜೂರಾಯಿತೆಂದು ಪತ್ರ ಬಂತು. ಪರೀಕ್ಷಕಿಯರಿಬ್ಬರೂ ನನ್ನನ್ನು ತಬ್ಬಿಕೊಂಡು ಅತ್ತರು. ನಾನು ಅಳುತ್ತಿಲ್ಲವೆಂದು ನಟಿಸುತ್ತ ಸಿಹಿ ತರಿಸಿ, ಒಂದು ಪೊಟ್ಟಣ ಹಿಡಿದು ನೆಲಮಾಳಿಗೆಗೆ ಓಡಿದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಅಂದು ಆಡಿದ ಮಾತಿಗೆ ಕ್ಷಮೆ ಕೇಳಬೇಕು, ನೀವಿಲ್ಲದಿದ್ದರೆ ನಾವು ಬೀದಿಗೆ ಬೀಳುತ್ತಿದ್ದೆವು ಎನ್ನಬೇಕು.

“ಗೋಂದಣ್ಣ, ನಾನು ನಿಮಗೆ...” ಎಂದು ಶುರು ಮಾಡುವುದರೊಳಗೆ ಅವರು ಎದ್ದು ನಿಂತರು.

“ಮೇಡಂ, ಒಂದ್ನಿಮಿಷ. ಮೊದಲು ನಾನು ಹೇಳಿಬಿಡ್ತೀನಿ. ಎಷ್ಟೋ ದಿನದಿಂದ ಹೇಳ್ಬೇಕು ಅಂತಿದ್ದೀನಿ, ಬಾಯಿ ಬರ್ತಿಲ್ಲ.” ಮೇಜಿನ ಅಂಚು ಹಿಡಿದುಕೊಂಡರು. “ನಮ್ಮಮ್ಮ ಇಪ್ಪತ್ತಾರು ವರ್ಷ ಗಿರಣೀಲಿ ಮಗ್ಗ ನೋಡ್ಕೊಂಡಿದ್ದೋಳು. ಅದೇ ದುಡ್ಡಲ್ಲಿ ನನ್ನನ್ನೂ ಅಕ್ಕನ್ನೂ ಓದಿಸಿದ್ದು. ಕೆಲಸ ಬಿಟ್ಟು ಮನೇಲಿ ಕೂತ ಮೇಲೆ ಕರೆದ್ರೆ ತಿರುಗೋಳಲ್ಲ, ಕೇಳಿದ್ದಕ್ಕೆ ಉತ್ತರ ಕೊಡೋಳಲ್ಲ. ಪಾತ್ರೆ ಬಿದ್ರೆ ಮಾತ್ರ ಕೇಳಿಸೋದು. ಅದಕ್ಕೇ ನಾವು ಬೇಕಂತಲೇ ಅಂದ್ಕೊಂಡ್ವಿ ಮೇಡಂ. ಹಠ, ಸೊಕ್ಕು ಅಂದ್ವಿ. ನಾನೂ ಅಕ್ಕನೂ ಅವಳ ಹತ್ರ ಕೂಗದೇ ಮಾತಾಡಿ ಎಷ್ಟು ವರ್ಷ ಆಯ್ತೋ.”

ನಾನು ಪೊಟ್ಟಣವನ್ನು ಮೇಜಿನ ಮೇಲಿಟ್ಟೆ.

“ಆ ಮೂವತ್ತೊಂದನೇದು ಓದಿದ ದಿನ ಮನೆಗೆ ಹೋದೆ. ಅಮ್ಮನ ಎದುರು ಕೂರೋ ಧೈರ್ಯ ಬರಲಿಲ್ಲ. ಪೂರ್ತಿ ಲೇಖನ ತೆರೆದ ಮೇಲೆ ಅಕ್ಕನಿಗೆ ಅವಳ ಫೋನಲ್ಲೇ ತೆಗೆದು ಓದಿ ಹೇಳಿದೆ. ಅವಳು ಸೆರಗು ಬಾಯಿಗೆ ಒತ್ತಿಕೊಂಡು ಕೂತ್ಬಿಟ್ಟಳು. ಮಾರನೇ ದಿನ ಭಾನುವಾರ. ನೀವು ಬರೆದ ಹಾಗೇ ಮಾಡಿದೆ. ಕಿಟಕಿ ಹತ್ರ ಬೆಳಕಲ್ಲಿ ಅಮ್ಮನ ಎದುರು ಕುರ್ಚಿ ಹಾಕ್ಕೊಂಡೆ. ದನಿ ತಗ್ಗಿಸಿ, ನಿಧಾನಕ್ಕೆ, ‘ಊಟ ಆಯ್ತಾ ಅಮ್ಮ’ ಅಂದೆ. ‘ಆಯ್ತು’ ಅಂದಳು. ಒಂದೇ ಸಲಕ್ಕೆ ಮೇಡಂ! ‘ಕಾಲು ನೋವು ಹೇಗಿದೆ’ ಅಂದೆ. ಅದಕ್ಕೂ ಹೇಳಿದಳು. ಆಮೇಲೆ ನನ್ನ ಮುಖ ನೋಡ್ತಾ ಕೂತಳು.”

ಗೋಂದಣ್ಣ ಕನ್ನಡಕ ತೆಗೆದರು. ಈ ಸಲ ಒರೆಸಿಕೊಂಡದ್ದು ಕಣ್ಣನ್ನು.

“ನಿಮ್ಮ ಪರೀಕ್ಷೆಗೆ ಕರ್ಕೊಂಡ್ಬರ್ತೀನಿ, ಯಂತ್ರನೂ ಹಾಕಿಸೋಣ. ಆದರೆ ಅವತ್ತು ಅವಳು ಕೇಳಿದ್ದಕ್ಕೆ ಏನು ಉತ್ತರ ಕೊಡ್ಲಿ ಹೇಳಿ ಮೇಡಂ. ನನ್ನ ಕೈ ಹಿಡ್ಕೊಂಡು ಕೇಳಿದಳು, ‘ಯಾಕೋ ಮಗ, ಇವತ್ತು ನನ್ನ ಮೇಲೆ ಕೋಪ ಇಲ್ವಾ?’”